ಉಳಿಸತಕ್ಕದ್ದು, ಬಿಡತಕ್ಕದ್ದು: ಸಂಶೋಧಕರ ಬ್ಯಾಕಪ್‌ನಲ್ಲಿ ಕಡತಗಳ ಆಯ್ಕೆಯ ನಿಯಮಗಳು

ಗಣಕಯಂತ್ರದಲ್ಲಿರುವ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಸ್ಥಳದಲ್ಲಿ ಇರಿಸಿಕೊಳ್ಳುವ ಕ್ರಮಕ್ಕೆ ಬ್ಯಾಕಪ್ ಎಂಬ ಹೆಸರು ರೂಢಿಯಲ್ಲಿದೆ. ಈ ಕ್ರಮದ ಅಗತ್ಯವನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಕಪ್ ತಂತ್ರಾಂಶವು ಯಾವ ಕಡತಗಳನ್ನು ಪ್ರತಿ ಮಾಡಬೇಕು, ಯಾವುವನ್ನು ಬಿಡಬೇಕು ಎಂಬ ನಿರ್ಣಯವನ್ನು ಯಾರು, ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಬಹುಮಟ್ಟಿಗೆ ಈ ನಿರ್ಣಯವನ್ನು ತಂತ್ರಾಂಶದ ತಯಾರಕರೋ ಕಚೇರಿಯ ಗಣಕ ವಿಭಾಗದವರೋ ಮೊದಲೇ ಮಾಡಿಟ್ಟಿರುತ್ತಾರೆ. ಸಾಮಾನ್ಯ ಕಚೇರಿಯೊಂದರ ಕೆಲಸಕ್ಕೆ ಹೊಂದುವ ಆ ನಿಯಮಗಳು ಕನ್ನಡ ಸಂಶೋಧಕರ ಸಾಮಗ್ರಿಗೆ ಹೊಂದುತ್ತವೆಯೇ, ಹೊಂದದಿದ್ದಲ್ಲಿ ಮಾಡಬೇಕಾದುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಕರ್ನಾಟಕದ ಹೊರಗೆ ನೆಲೆಸಿ ಕೆಲಸಮಾಡುವವರಿಗೆ ಈ ಪ್ರಶ್ನೆ ಹೆಚ್ಚು ಮುಖ್ಯವಾದುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೋ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲೋ ಅನುಮತಿ ಪಡೆದು, ದಿನಗಟ್ಟಲೆ ಕುಳಿತು ತೆಗೆದುಕೊಂಡ ಓಲೆಗರಿಯ ಛಾಯಾಚಿತ್ರಗಳು ಕಳೆದುಹೋದರೆ ದೆಹಲಿಯಲ್ಲಿರುವವರು ಮರುದಿನವೇ ಹೋಗಿ ಮತ್ತೆ ತೆಗೆದುಕೊಳ್ಳುವಂತಿಲ್ಲ. ಗರಿಗಳೂ ವರ್ಷದಿಂದ ವರ್ಷಕ್ಕೆ ಶಿಥಿಲವಾಗುತ್ತಿರುತ್ತವೆ. ಕ್ಷೇತ್ರಕಾರ್ಯದಲ್ಲಿ ವೃದ್ಧ ವಕ್ತೃವೊಬ್ಬರಿಂದ ಧ್ವನಿಮುದ್ರಿಸಿಕೊಂಡ ಕಥನಗೀತವಂತೂ ಆ ವಕ್ತೃ ತೀರಿಕೊಂಡ ಬಳಿಕ ಇನ್ನೊಮ್ಮೆ ದೊರೆಯುವುದೇ ಇಲ್ಲ.

ಇಲ್ಲಿ ಬಳಸಿರುವ 'ಕಡತ' ಎಂಬ ಪದವನ್ನು ಕುರಿತು ಒಂದು ಮಾತು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕಪ್ಪು ಪುಸ್ತಕಕ್ಕೆ ನಮ್ಮಲ್ಲಿ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಈ ಅನುಕೂಲವೇ ಅದರ ಅಪಾಯವೂ ಆಗಿತ್ತು. ಗಣಕದ ಕಡತಕ್ಕೂ ಈ ಮಾತು ಸಲ್ಲುತ್ತದೆ. ಒರೆಸಿಹೋಗುವ ಬರಹಕ್ಕೆ ಪ್ರತಿ ಬೇಕು. ಪ್ರತಿ ಮಾಡುವವರು ಏನನ್ನು ಬಿಟ್ಟರೆಂಬುದು ಮುಂದಿನವರಿಗೆ ತಿಳಿದಿರಬೇಕು.

1. ಎರಡು ಪದ್ಧತಿಗಳು

ಬ್ಯಾಕಪ್ ತಂತ್ರಾಂಶಗಳಲ್ಲಿ ಕಡತಗಳನ್ನು ಆರಿಸುವುದಕ್ಕೆ ಮೂಲತಃ ಎರಡು ಪದ್ಧತಿಗಳಿವೆ. ಬೇಕಾದುವನ್ನು ಮಾತ್ರ ಹೆಸರಿಸಿ, ಹೆಸರಿಸದೆ ಇರುವುದೆಲ್ಲವನ್ನೂ ಬಿಡುವುದು ಮೊದಲನೆಯದು. ಇದನ್ನು ಸೇರ್ಪಡೆಯ ಪದ್ಧತಿ ಎನ್ನಬಹುದು. ಎಲ್ಲವನ್ನೂ ತೆಗೆದುಕೊಂಡು, ಬೇಡವಾದುವನ್ನು ಮಾತ್ರ ಹೆಸರಿಸಿ ಹೊರಗಿಡುವುದು ಎರಡನೆಯದು. ಇದು ವರ್ಜನೆಯ ಪದ್ಧತಿ. ಮೇಲ್ನೋಟಕ್ಕೆ ಇವೆರಡೂ ಒಂದೇ ಫಲವನ್ನು ಕೊಡುವಂತೆ ತೋರುತ್ತವೆ. ಆದರೆ ತಪ್ಪು ಸಂಭವಿಸಿದಾಗ ಇವುಗಳ ವರ್ತನೆ ಬೇರೆ ಬೇರೆಯಾಗಿರುತ್ತದೆ.

ಪಟ್ಟಿ ಮಾಡುವವರು ಒಂದು ಬಗೆಯ ಕಡತವನ್ನು ಮರೆತರೆಂದು ಭಾವಿಸೋಣ. ವರ್ಜನೆಯ ಪದ್ಧತಿಯಲ್ಲಿ ಮರೆತುಹೋದ ಆ ಕಡತವು ಬ್ಯಾಕಪ್‌ನೊಳಗೆ ಸೇರುತ್ತದೆ. ಡಿಸ್ಕಿನಲ್ಲಿ ಸ್ವಲ್ಪ ಸ್ಥಳ ವ್ಯರ್ಥವಾಗಬಹುದು. ಆ ವ್ಯರ್ಥವು ಕಣ್ಣಿಗೆ ಕಾಣುತ್ತದೆ, ಅದನ್ನು ಸರಿಪಡಿಸಬಹುದು. ಸೇರ್ಪಡೆಯ ಪದ್ಧತಿಯಲ್ಲಿಯಾದರೋ ಅದೇ ಕಡತವು ಬ್ಯಾಕಪ್‌ನಿಂದ ಬಿಟ್ಟುಹೋಗುತ್ತದೆ. ತಂತ್ರಾಂಶವು ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ಕೆಲಸ ಯಶಸ್ವಿಯಾಗಿ ಮುಗಿಯಿತೆಂದೇ ತಿಳಿಸುತ್ತದೆ. ಮೂಲ ನಾಶವಾಗಿ ಪ್ರತಿಯನ್ನು ಅರಸುವ ದಿನದವರೆಗೆ ಆ ಕೊರತೆ ಯಾರ ಗಮನಕ್ಕೂ ಬರುವುದಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 'ದಾಖಲೆಗಳು' ಎಂಬ ಹೆಸರಿನಡಿ ವರ್ಡ್, ಪಿಡಿಎಫ್ ಮತ್ತು ಸರಳ ಪಠ್ಯದ ಕಡತಗಳನ್ನು ಮಾತ್ರ ಸೇರಿಸುವ ನಿಯಮವೊಂದಿದೆ ಎನ್ನೋಣ. ಉಪಭಾಷಾ ಸಂಶೋಧಕರು ಬಳಸುವ ಎಲಾನ್ ಎಂಬ ತಂತ್ರಾಂಶವು ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡದ್ದು. ಧ್ವನಿಮುದ್ರಣದ ಪ್ರತಿ ಕ್ಷಣಕ್ಕೂ ಹೊಂದಿಸಿ ಬರೆದ ಲಿಪ್ಯಂತರ, ಪದಚ್ಛೇದ ಮತ್ತು ಟಿಪ್ಪಣಿಗಳನ್ನು ಅದು 'ಇಎಎಫ್' ಎಂಬ ವಿಸ್ತರಣೆಯುಳ್ಳ ತನ್ನದೇ ಕಡತದಲ್ಲಿ ಇರಿಸುತ್ತದೆ. ಮೇಲ್ಕಂಡ ನಿಯಮದಲ್ಲಿ ಈ ವಿಸ್ತರಣೆಯ ಹೆಸರಿಲ್ಲ. ಆದ್ದರಿಂದ ಪ್ರಬಂಧದ ಅಧ್ಯಾಯಗಳು ಉಳಿದು, ಅವುಗಳಿಗೆ ಆಧಾರವಾದ ತಿಂಗಳುಗಟ್ಟಲೆಯ ವಿಶ್ಲೇಷಣೆ ಇಲ್ಲವಾಗುತ್ತದೆ.

ಈ ಕಾರಣದಿಂದ, ಸಂಶೋಧನೆಯ ಸಾಮಗ್ರಿಗೆ ವರ್ಜನೆಯ ಪದ್ಧತಿಯೇ ಯುಕ್ತವೆಂದು ನಾವು ಭಾವಿಸುತ್ತೇವೆ. ಎಲ್ಲವೂ ಉಳಿಯಲಿ; ಬಿಡುವುದಕ್ಕೆ ಮಾತ್ರ ಕಾರಣ ಬೇಕು. ಮುಂದಿನ ಚರ್ಚೆಯೆಲ್ಲ ಈ ತತ್ತ್ವದ ವಿವರಣೆಯೇ ಆಗಿದೆ.

2. ಏನನ್ನು ಬಿಡಬಹುದು

ಮತ್ತೆ ಉತ್ಪಾದಿಸಬಹುದಾದುದನ್ನು ಬಿಡಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಸೂತ್ರ. ಈ ಸೂತ್ರ ಸರಿಯಾದುದೇ. ಆದರೆ ಅದನ್ನು ಅನ್ವಯಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಯಾವುದರಿಂದ ಉತ್ಪಾದಿಸಬಹುದು? ಆ ಮೂಲವು ಬ್ಯಾಕಪ್‌ನಲ್ಲಿ ಇದೆಯೇ? ನಡುವೆ ಮನುಷ್ಯರ ಕೈಯ ಕೆಲಸ ಸೇರಿದೆಯೇ?

ಹಸ್ತಪ್ರತಿಯ ಚಿತ್ರಗಳನ್ನೇ ತೆಗೆದುಕೊಳ್ಳೋಣ. ಮೂಲ ಟಿಫ್ ಚಿತ್ರದಿಂದ ಸಣ್ಣ ಗಾತ್ರದ ಜೆಪೆಗ್ ಚಿತ್ರಗಳನ್ನು ಯಂತ್ರವೇ ತಯಾರಿಸಿದ್ದರೆ, ಟಿಫ್ ಉಳಿದಿರುವವರೆಗೆ ಜೆಪೆಗ್ ಅನ್ನು ಬಿಡಬಹುದು. ಟೆಸರಾಕ್ಟ್‌ನಂತಹ ಅಕ್ಷರ ಗುರುತಿಸುವ ತಂತ್ರಾಂಶದಿಂದ ಮುದ್ರಿತ ಪುಟವೊಂದರ ಕನ್ನಡ ಪಠ್ಯವನ್ನು ಪಡೆದಿದ್ದರೆ, ಯಂತ್ರ ಕೊಟ್ಟ ಆ ಮೊದಲ ಪಠ್ಯವನ್ನೂ ಬಿಡಬಹುದು. ಅದೇ ಪಠ್ಯವನ್ನು ಸಂಶೋಧಕರು ಮೂಲದೊಡನೆ ಹೋಲಿಸಿ ತಿದ್ದಿದ್ದರೆ ಅದು ಪುನರುತ್ಪಾದನೆಗೆ ಸಿಗುವ ವಸ್ತುವಲ್ಲ. ಈ ಎರಡು ಪಠ್ಯಗಳೂ ಒಂದೇ ಫೋಲ್ಡರಿನಲ್ಲಿ, ಒಂದೇ ವಿಸ್ತರಣೆಯೊಡನೆ ಇದ್ದರೆ ಯಾವ ನಿಯಮವೂ ಅವುಗಳನ್ನು ಬೇರ್ಪಡಿಸಲಾರದು. ಹಾಗಾಗಿ ಯಂತ್ರದ ಫಲಿತಕ್ಕೆ ಒಂದು ಫೋಲ್ಡರ್, ಕೈಯಿಂದ ತಿದ್ದಿದ ಪಾಠಕ್ಕೆ ಇನ್ನೊಂದು ಫೋಲ್ಡರ್ ಎಂಬ ವ್ಯವಸ್ಥೆ ನಿಯಮಗಳಿಗಿಂತ ಮೊದಲು ಆಗಬೇಕಾದುದು.

ಕನ್ನಡದ ಮಟ್ಟಿಗೆ ಈ ಸೂತ್ರಕ್ಕೆ ವಿಶೇಷವಾದ ಅಪವಾದಗಳಿವೆ. ಅಕ್ಷರಶೈಲಿಯ ಕಡತಗಳು, ಎಂದರೆ ಫಾಂಟುಗಳು, ಅವುಗಳಲ್ಲಿ ಮುಖ್ಯವಾದುವು. ವ್ಯವಸ್ಥೆಯ ಕಡತಗಳನ್ನು ಮರುಸ್ಥಾಪನೆಯಿಂದ ಪಡೆಯಬಹುದೆಂಬ ಕಾರಣಕ್ಕೆ ವಿಂಡೋಸ್ ಫೋಲ್ಡರನ್ನು ಇಡಿಯಾಗಿ ಹೊರಗಿಡುವುದು ವಾಡಿಕೆ. ಫಾಂಟುಗಳೂ ಅದರೊಳಗೇ ಇರುತ್ತವೆ. 2018ರ ಬಳಿಕದ ವಿಂಡೋಸ್ ಆವೃತ್ತಿಗಳಲ್ಲಿ ಬಳಕೆದಾರರು ತಮ್ಮ ಮಟ್ಟಿಗೆ ಸ್ಥಾಪಿಸಿಕೊಂಡ ಫಾಂಟುಗಳು 'ಆ್ಯಪ್‌ಡೇಟಾ' ಎಂಬ ಮರೆಯಾದ ಫೋಲ್ಡರಿನಲ್ಲಿ ಸೇರುತ್ತವೆ. ಅದನ್ನೂ ತಾತ್ಕಾಲಿಕ ಸಾಮಗ್ರಿಯೆಂದು ಹೊರಗಿಡುವವರು ಅನೇಕರು. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಬರಹಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಮೊದಲಾದ ಸಂಕೇತಗಳ ಸ್ಥಾನದಲ್ಲಿ ಕುಳಿತಿವೆ. ಆಯಾ ಫಾಂಟ್ ಇಲ್ಲದಿದ್ದರೆ ಆ ಬರಹವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳು ಇವೆಯಾದರೂ, ಪರಿವರ್ತಿತ ಪಾಠವು ಮೂಲಕ್ಕೆ ನಿಷ್ಠವಾಗಿದೆಯೇ ಎಂದು ನೋಡಲು ಮೂಲದ ಪುಟವು ಓದಲು ಬರುವಂತಿರಬೇಕು. ಬರಹ ಉಳಿದು ಫಾಂಟ್ ಬಿಟ್ಟುಹೋದ ಬ್ಯಾಕಪ್ಪು ಲಿಪಿಯನ್ನು ಓದಬಲ್ಲವರಿಲ್ಲದ ಶಾಸನದಂತೆ.

ಇದೇ ಮರೆಯಾದ ಫೋಲ್ಡರಿನಲ್ಲಿ ಥಂಡರ್‌ಬರ್ಡ್ ತಂತ್ರಾಂಶವು ಗಣಕಕ್ಕೆ ಇಳಿಸಿಕೊಂಡ ಅಂಚೆಯನ್ನೂ, ವರ್ಡ್ ತಂತ್ರಾಂಶವು ಬಳಕೆದಾರರು ಸೇರಿಸುತ್ತ ಬಂದ ಪದಪಟ್ಟಿಯನ್ನೂ ಇರಿಸುತ್ತವೆ. ಸಾವಿರಾರು ಹಳಗನ್ನಡ ರೂಪಗಳನ್ನು ಒಂದೊಂದಾಗಿ ಸೇರಿಸಿ ಬೆಳೆಸಿದ ಪದಪಟ್ಟಿಯನ್ನು ತಾತ್ಕಾಲಿಕ ಕಡತವೆಂದು ಎಣಿಸುವುದು ಹೇಗೆ? ಗ್ರಂಥಸೂಚಿಯ ತಂತ್ರಾಂಶವಾದ ಝೊಟೆರೊ ತನ್ನ 2017ರ ಐದನೆಯ ಆವೃತ್ತಿಯಿಂದ ಈಚೆಗೆ ದತ್ತಾಂಶವನ್ನು ಬಳಕೆದಾರರ ಮುಖ್ಯ ಫೋಲ್ಡರಿನಲ್ಲಿ, 'ಡಾಕ್ಯುಮೆಂಟ್ಸ್' ಫೋಲ್ಡರಿನ ಹೊರಗೆ ಇರಿಸುತ್ತದೆ. 'ಡಾಕ್ಯುಮೆಂಟ್ಸ್' ಒಂದನ್ನೇ ಸೇರಿಸಿದ ಬ್ಯಾಕಪ್‌ನಲ್ಲಿ ಗ್ರಂಥಸೂಚಿಯೂ ಅದಕ್ಕೆ ಲಗತ್ತಾದ ಲೇಖನಗಳೂ ಇರುವುದಿಲ್ಲ. ಇಂತಹ ದತ್ತಾಂಶದ ಕಡತಗಳನ್ನು ತಂತ್ರಾಂಶವನ್ನು ಮುಚ್ಚಿದ ಬಳಿಕವೇ ಪ್ರತಿ ಮಾಡಬೇಕೆಂಬುದನ್ನೂ ಗಮನದಲ್ಲಿಡಬೇಕು. ತೆರೆದಿರುವಾಗ ಮಾಡಿದ ಪ್ರತಿಯಲ್ಲಿ ಅರ್ಧ ಬರೆದ ಸ್ಥಿತಿ ಸೇರಿಕೊಳ್ಳಬಹುದು.

ಗಾತ್ರವನ್ನು ಆಧರಿಸಿದ ವರ್ಜನೆಯೂ ವಿಚಾರಾರ್ಹ. ಒಂದು ಗಿಗಾಬೈಟಿಗಿಂತ ದೊಡ್ಡ ಕಡತಗಳನ್ನು ಬಿಡುವ ನಿಯಮ ಚಲನಚಿತ್ರಗಳನ್ನು ತಡೆಯಲು ಉಪಯುಕ್ತವೆಂದು ತೋರುತ್ತದೆ. ಸೆಕೆಂಡಿಗೆ 48,000 ಮಾದರಿ, 24 ಬಿಟ್, ಎರಡು ವಾಹಿನಿಗಳ ಸಂಕೋಚನವಿಲ್ಲದ ಧ್ವನಿಮುದ್ರಣಕ್ಕೆ ಸೆಕೆಂಡಿಗೆ 2,88,000 ಬೈಟ್‌ಗಳಂತೆ ಗಂಟೆಗೆ ಸುಮಾರು 104 ಕೋಟಿ ಬೈಟ್‌ಗಳು, ಎಂದರೆ ಒಂದು ಗಿಗಾಬೈಟಿನಷ್ಟು ಸ್ಥಳ ಬೇಕು. ಮೇಲಿನ ನಿಯಮದಂತೆ ಅರ್ಧ ಗಂಟೆಯ ಸಂದರ್ಶನ ಉಳಿಯುತ್ತದೆ. ಎಡೆಬಿಡದೆ ಒಂದೂವರೆ ಗಂಟೆ ಹಾಡಿದ ಜನಪದ ಕಾವ್ಯ ಬಿಟ್ಟುಹೋಗುತ್ತದೆ. ಯಾವುದು ಹೆಚ್ಚು ಅಮೂಲ್ಯವೋ ಅದೇ ಹೊರಗುಳಿಯುವಂತೆ ಈ ನಿಯಮ ಕೆಲಸಮಾಡುತ್ತದೆ.

3. ತಂತ್ರಾಂಶವು ತಾನಾಗಿ ಮಾಡುವ ಆಯ್ಕೆ

ಬಳಕೆದಾರರು ಯಾವ ನಿಯಮವನ್ನೂ ಬರೆಯದಿದ್ದರೂ ಆಯ್ಕೆ ನಡೆದೇ ಇರುತ್ತದೆ. 2012ರಲ್ಲಿ ವಿಂಡೋಸ್ 8ರೊಡನೆ ಬಂದ 'ಫೈಲ್ ಹಿಸ್ಟರಿ'ಯು ತಾನಾಗಿ ತೆಗೆದುಕೊಳ್ಳುವುದು ಲೈಬ್ರರಿಗಳು, ಡೆಸ್ಕ್‌ಟಾಪ್ ಮೊದಲಾದ ಕೆಲವು ನಿಯತ ಸ್ಥಾನಗಳನ್ನು ಮಾತ್ರ. ನಮ್ಮಲ್ಲಿ ಕೆಲಸದ ಕಡತಗಳನ್ನು 'ಡಿ' ಡ್ರೈವಿನಲ್ಲಿ ಇರಿಸಿಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಆ ಡ್ರೈವಿನ ಫೋಲ್ಡರನ್ನು ಲೈಬ್ರರಿಗೆ ಸೇರಿಸದಿದ್ದರೆ ಅಲ್ಲಿರುವುದು ಬ್ಯಾಕಪ್‌ಗೆ ಬರುವುದಿಲ್ಲ.

2007ರಲ್ಲಿ ಆಪಲ್ ಗಣಕಗಳಿಗೆ ಬಂದ 'ಟೈಮ್ ಮಷೀನ್' ವರ್ಜನೆಯ ಪದ್ಧತಿಯನ್ನು ಅನುಸರಿಸುತ್ತದೆ. ಅದು ಮೆಚ್ಚತಕ್ಕ ಮಾತು. ಆದರೆ ಅಲ್ಲಿ ವರ್ಜನೆಗೆ ಎರಡು ಬಗೆಗಳಿವೆ. ಒಂದು, ಸ್ಥಾನವನ್ನು ಆಧರಿಸಿದ್ದು. ಇನ್ನೊಂದು, ಕಡತಕ್ಕೇ ಅಂಟಿದ ಗುರುತು. ಈ ಎರಡನೆಯ ಗುರುತನ್ನು ಯಾವುದೇ ತಂತ್ರಾಂಶ ತಾನಾಗಿ ಹಚ್ಚಬಹುದು. ಕಡತವನ್ನು ಬೇರೆ ಸ್ಥಾನಕ್ಕೆ ಸಾಗಿಸಿದರೂ ಗುರುತು ಜೊತೆಯಲ್ಲಿಯೇ ಹೋಗುತ್ತದೆ. ಹೊರಗಿಟ್ಟ ಸ್ಥಾನಗಳನ್ನು ತೋರಿಸುವ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಒಂದು ಕಡತಕ್ಕೆ ಇಂತಹ ಗುರುತಿದೆಯೇ ಎಂಬುದನ್ನು 2011ರಿಂದ ಲಭ್ಯವಿರುವ 'ಟಿಎಂಯುಟಿಲ್' ಎಂಬ ಆದೇಶದಿಂದ ಕೇಳಿ ತಿಳಿಯಬಹುದು.

ತಾತ್ಕಾಲಿಕ ಸಂಗ್ರಹದ ಫೋಲ್ಡರುಗಳನ್ನು ಗುರುತಿಸುವುದಕ್ಕೆ ಬ್ರಯನ್ ಫೋರ್ಡ್ ಎಂಬವರು 2004ರಲ್ಲಿ ಒಂದು ಸಂಪ್ರದಾಯವನ್ನು ಸೂಚಿಸಿದರು. ಅಂತಹ ಫೋಲ್ಡರನ್ನು ನಿರ್ಮಿಸುವ ತಂತ್ರಾಂಶವೇ ಅದರೊಳಗೆ ನಿಶ್ಚಿತ ಹೆಸರಿನ, ನಿಶ್ಚಿತ ಮೊದಲ ಸಾಲಿನ ಚಿಕ್ಕ ಕಡತವೊಂದನ್ನು ಇರಿಸಬೇಕು. ಬ್ಯಾಕಪ್ ತಂತ್ರಾಂಶವು ಅದನ್ನು ಕಂಡು ಆ ಫೋಲ್ಡರನ್ನು ಬಿಡಬಹುದು. ಗ್ನೂ ಟಾರ್, ಬೋರ್ಗ್, ರೆಸ್ಟಿಕ್ ಮೊದಲಾದ ತಂತ್ರಾಂಶಗಳಲ್ಲಿ ಇದನ್ನು ಅನುಸರಿಸುವ ಆಯ್ಕೆಯಿದೆ. ಹೆಸರನ್ನು ನೋಡಿ ಊಹಿಸುವುದಕ್ಕಿಂತ ಇದು ಸುರಕ್ಷಿತ. ಏಕೆಂದರೆ ಸಾಮಗ್ರಿಯ ಸ್ವರೂಪವನ್ನು ಬಲ್ಲವರೇ ಅದನ್ನು ಘೋಷಿಸಿರುತ್ತಾರೆ. ಹಾಗಿದ್ದೂ ಆ ಫೋಲ್ಡರಿನೊಳಗೆ ಸಂಶೋಧಕರು ತಮ್ಮ ಸ್ವಂತ ಬರಹವನ್ನು ಇರಿಸಿದರೆ ಅದೂ ಹೊರಗುಳಿಯುತ್ತದೆ.

4. ನಿಯಮಗಳನ್ನು ಯಂತ್ರವು ಓದುವ ರೀತಿ

ನಿಯಮಗಳನ್ನು ನಾವೇ ಬರೆಯುವಾಗ ಅವುಗಳ ವ್ಯಾಕರಣವನ್ನು ತಿಳಿದಿರಬೇಕು. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲಿ ಹೊರತಂದ, ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಆರ್‌ಸಿಂಕ್ ತಂತ್ರಾಂಶವನ್ನು ಉದಾಹರಣೆಯಾಗಿ ನೋಡಬಹುದು. ಇದರಲ್ಲಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಒಂದು ಕಡತದ ಹೆಸರಿಗೆ ಮೊದಲು ಹೊಂದಿದ ನಿಯಮವೇ ಅಂತಿಮ. ಗಿಟ್ ತಂತ್ರಾಂಶದ ವರ್ಜನೆಯ ಪಟ್ಟಿಯಲ್ಲಿ ಇದಕ್ಕೆ ವಿರುದ್ಧವಾಗಿ ಕೊನೆಯಲ್ಲಿ ಹೊಂದಿದ ನಿಯಮ ಅಂತಿಮ. ಆದ್ದರಿಂದ ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಾಗೆಯೇ ಸಾಗಿಸಿದರೆ ಅರ್ಥ ತಲೆಕೆಳಗಾಗಬಹುದು.

ಆರ್‌ಸಿಂಕ್‌ನಲ್ಲಿ ಮಾದರಿಯ ಆರಂಭದಲ್ಲಿ ಓರೆಗೆರೆ ಇದ್ದರೆ ಅದು ಪ್ರತಿ ಮಾಡುತ್ತಿರುವ ಸಾಮಗ್ರಿಯ ಮೇಲ್ತುದಿಯನ್ನು ಮಾತ್ರ ಸೂಚಿಸುತ್ತದೆ. '/ಕರಡು/' ಎಂದು ಬರೆದರೆ ಮೇಲ್ತುದಿಯ ಒಂದು ಫೋಲ್ಡರ್ ಮಾತ್ರ ಹೊರಗುಳಿಯುತ್ತದೆ. 'ಕರಡು/' ಎಂದಷ್ಟೇ ಬರೆದರೆ ಪ್ರತಿಯೊಂದು ಅಧ್ಯಾಯದೊಳಗೂ ಇರುವ ಆ ಹೆಸರಿನ ಫೋಲ್ಡರುಗಳೆಲ್ಲ ಹೊರಗುಳಿಯುತ್ತವೆ. ಕೊನೆಯ ಓರೆಗೆರೆಯನ್ನು ಬಿಟ್ಟರೆ ಅದೇ ಹೆಸರಿನ ಕಡತಗಳಿಗೂ ನಿಯಮ ತಗಲುತ್ತದೆ. ರೆಸ್ಟಿಕ್‌ನಲ್ಲಿ ಆರಂಭದ ಓರೆಗೆರೆಯು ಇಡೀ ಗಣಕದ ಮೂಲಸ್ಥಾನದಿಂದ ಎಣಿಸಿದ ಪೂರ್ಣ ವಿಳಾಸವನ್ನು ಸೂಚಿಸುತ್ತದೆ.

ಇನ್ನೊಂದು ಸೂಕ್ಷ್ಮವೆಂದರೆ, ಹೊರಗಿಟ್ಟ ಫೋಲ್ಡರಿನೊಳಕ್ಕೆ ಆರ್‌ಸಿಂಕ್ ಇಳಿದು ನೋಡುವುದೇ ಇಲ್ಲ. ಟಿಫ್ ಚಿತ್ರಗಳನ್ನು ಸೇರಿಸು, ಉಳಿದ ಎಲ್ಲವನ್ನೂ ಬಿಡು ಎಂಬ ಎರಡೇ ನಿಯಮಗಳನ್ನು ಬರೆದರೆ ಮೇಲ್ತುದಿಯ ಚಿತ್ರಗಳು ಮಾತ್ರ ಬರುತ್ತವೆ. 'ಉಳಿದ ಎಲ್ಲ' ಎಂಬುದರಲ್ಲಿ ಒಳಫೋಲ್ಡರುಗಳೂ ಸೇರಿರುವುದರಿಂದ ಅವುಗಳ ಒಳಗಿನ ಚಿತ್ರಗಳವರೆಗೆ ತಂತ್ರಾಂಶ ತಲಪುವುದಿಲ್ಲ. ಎಲ್ಲ ಫೋಲ್ಡರುಗಳನ್ನೂ ಸೇರಿಸುವ '*/' ಎಂಬ ನಿಯಮವನ್ನು ಮೊದಲು ಬರೆದಾಗಲೇ ಉದ್ದೇಶ ಈಡೇರುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೂ ಇದು ಗಣಿಸುತ್ತದೆ. ಕ್ಯಾಮೆರಾಗಳು ಚಿತ್ರಗಳ ವಿಸ್ತರಣೆಯನ್ನು ದೊಡ್ಡಕ್ಷರಗಳಲ್ಲಿ ಬರೆಯುವುದು ರೂಢಿ. ಸಣ್ಣಕ್ಷರಗಳಲ್ಲಿ ಬರೆದ ಸೇರ್ಪಡೆಯ ನಿಯಮ ಅವುಗಳನ್ನು ಕಾಣುವುದಿಲ್ಲ.

ವಿಂಡೋಸ್‌ನ ಎಕ್ಸ್‌ಕಾಪಿ ಆದೇಶವು ವರ್ಜನೆಯ ಪಟ್ಟಿಯ ಪ್ರತಿ ಸಾಲನ್ನೂ ಕಡತದ ಪೂರ್ಣ ವಿಳಾಸದೊಳಗೆ ಎಲ್ಲಿಯಾದರೂ ಇದೆಯೇ ಎಂದು ಹುಡುಕುತ್ತದೆ. ತಾತ್ಕಾಲಿಕ ಕಡತಗಳನ್ನು ಬಿಡಲೆಂದು ಇಂಗ್ಲಿಷಿನಲ್ಲಿ 'ಟೆಂಪ್' ಎಂಬ ನಾಲ್ಕು ಅಕ್ಷರಗಳನ್ನು ಬರೆದರೆ, 'ಟೆಂಪಲ್' ಎಂಬ ಪದದಲ್ಲಿಯೂ ಅವೇ ನಾಲ್ಕು ಅಕ್ಷರಗಳು ಮೊದಲಿಗಿರುವುದರಿಂದ ದೇವಾಲಯ ಶಾಸನಗಳ ಫೋಲ್ಡರ್ ಇಡಿಯಾಗಿ ಹೊರಗುಳಿಯುತ್ತದೆ.

5. ಕನ್ನಡದ ಹೆಸರುಗಳು

ಹೆಸರುಗಳು ಕನ್ನಡದಲ್ಲಿದ್ದರೆ ಈ ತೊಡಕು ಇನ್ನಷ್ಟು ಬೆಳೆಯುತ್ತದೆ. ಹಳೆಯ ಕರಡುಗಳನ್ನು ಬಿಡುವ ಉದ್ದೇಶದಿಂದ 'ಹಳೆ*' ಎಂಬ ಮಾದರಿಯನ್ನು ಬರೆದರೆ 'ಹಳೆಗನ್ನಡ ಕಾವ್ಯ' ಎಂಬ ಫೋಲ್ಡರೂ ಹೊರಗುಳಿಯುತ್ತದೆ. ಇದು ಊಹೆಗೆ ನಿಲುಕುವಂಥದು. 'ಹಳೇಬೀಡು' ಎಂಬ ಫೋಲ್ಡರಿನ ಗತಿಯೇನು? ಇದಕ್ಕೆ ಒಂದೇ ಉತ್ತರವಿಲ್ಲ.

ಯುನಿಕೋಡ್‌ನಲ್ಲಿ ದೀರ್ಘ ಏಕಾರದ ಚಿಹ್ನೆಯನ್ನು ಎರಡು ರೀತಿಗಳಲ್ಲಿ ಬರೆದಿಡಬಹುದು: ಒಂದೇ ಸಂಕೇತವಾಗಿ, ಅಥವಾ ಹ್ರಸ್ವ ಎಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿ. ಈಕಾರ, ಐಕಾರ, ಒಕಾರ, ಓಕಾರಗಳ ಚಿಹ್ನೆಗಳಿಗೂ ಇಂತಹ ಬಿಡಿಸಿದ ರೂಪಗಳಿವೆ. ಎರಡು ರೂಪಗಳೂ ಸಮಾನವೆಂದು ಯುನಿಕೋಡ್ ಹೇಳುತ್ತದೆ. ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳು ಹೆಸರನ್ನು ಬೈಟುಗಳ ಸಾಲೆಂದು ಮಾತ್ರ ಎಣಿಸುತ್ತವೆ. ಆಪಲ್ ಗಣಕಗಳ ಹಿಂದಿನ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಶೇಖರಿಸುತ್ತದೆ. 2017ರಲ್ಲಿ ಎಪಿಎಫ್‌ಎಸ್ ಬಂದ ಮೇಲೂ ಹಳೆಯ ಹೊರಡಿಸ್ಕುಗಳಲ್ಲಿ ಅದು ಉಳಿದಿದೆ. ಒಂದೇ ಸಂಕೇತದ ರೂಪದಲ್ಲಿ 'ಹಳೇಬೀಡು' 'ಹಳೆ*' ಎಂಬ ಮಾದರಿಗೆ ಹೊಂದುವುದಿಲ್ಲ. ಬಿಡಿಸಿದ ರೂಪದಲ್ಲಿ ಅದರ ಆರಂಭವು 'ಹಳೆ' ಎಂಬುದೇ ಆಗುವುದರಿಂದ ಹೊಂದುತ್ತದೆ. ಹೀಗೆ ಒಂದೇ ನಿಯಮ ಒಂದು ಡಿಸ್ಕಿನಲ್ಲಿ ಹಳೇಬೀಡಿನ ಚಿತ್ರಗಳನ್ನು ಉಳಿಸಿ, ಇನ್ನೊಂದರಲ್ಲಿ ಬಿಟ್ಟುಬಿಡಬಲ್ಲದು.

ಅರ್ಧಾಕ್ಷರದ ಬಳಿಕ ಬರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೂ ಇಂಥದೇ. 'ಬೀದರ್' ಎಂಬ ಹೆಸರಿನ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಟದಲ್ಲಿ ವ್ಯತ್ಯಾಸವಿಲ್ಲ; ಯಂತ್ರಕ್ಕೆ ಅವು ಎರಡು ಹೆಸರುಗಳು. ಅಂಕಿಗಳ ವಿಷಯದಲ್ಲಿಯೂ 'ಸಂಪುಟ 1' ಮತ್ತು 'ಸಂಪುಟ ೧' ಬೇರೆ ಬೇರೆ. 0ಯಿಂದ 9ರವರೆಗಿನ ಅಂಕಿಗಳನ್ನು ಸೂಚಿಸುವ ಮಾದರಿಗೆ ಕನ್ನಡ ಅಂಕಿ ಹೊಂದುವುದಿಲ್ಲ. ಕನ್ನಡ ಹೆಸರುಗಳನ್ನೇ ಕೈಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಕಡತಗಳಿಗೆ ಕನ್ನಡ ಹೆಸರುಗಳು ಇರಲಿ. ವರ್ಜನೆಯ ನಿಯಮಗಳು ಮಾತ್ರ ಆ ಹೆಸರುಗಳ ಭಾಗಗಳನ್ನು ಆಧರಿಸದಿರಲಿ. ಬಿಡತಕ್ಕ ಸಾಮಗ್ರಿಗೆಲ್ಲ ಮೇಲ್ತುದಿಯಲ್ಲಿ ಒಂದೇ ಫೋಲ್ಡರನ್ನು ಮಾಡಿ, ಅದಕ್ಕೆ ಸರಳವಾದ ರೋಮನ್ ಹೆಸರನ್ನಿಟ್ಟು, ಅದೊಂದನ್ನೇ ಪೂರ್ಣ ವಿಳಾಸದೊಡನೆ ಹೊರಗಿಡುವುದು ಕ್ಷೇಮಕರ.

6. ಬಿಡುವುದು ಮತ್ತು ಅಳಿಸುವುದು

ಬ್ಯಾಕಪ್‌ನಿಂದ ಬಿಟ್ಟ ಕಡತವು ಮೂಲದಲ್ಲಿ ಹಾಗೆಯೇ ಇರುತ್ತದೆ ಎಂಬುದು ನಿಜ. ಆದರೆ ಬಿಡುವ ನಿಯಮವು ಕಾಲಕ್ರಮದಲ್ಲಿ ಅಳಿಸುವ ನಿಯಮವಾಗಿ ಪರಿಣಮಿಸಬಹುದು. ರೆಸ್ಟಿಕ್, ಬೋರ್ಗ್ ಮೊದಲಾದುವು ಪ್ರತಿ ಸಲವೂ ಆ ದಿನದ ಸ್ಥಿತಿಯ ಚಿತ್ರಣವೊಂದನ್ನು ಇರಿಸುತ್ತವೆ. ನಿಗದಿಪಡಿಸಿದ ಅವಧಿ ಮೀರಿದ ಚಿತ್ರಣಗಳನ್ನು ತೆಗೆದುಹಾಕುವಂತೆ ಅವುಗಳನ್ನು ಹೊಂದಿಸಬಹುದು. ಹನ್ನೆರಡು ತಿಂಗಳ ಚಿತ್ರಣಗಳನ್ನು ಉಳಿಸುವ ಏರ್ಪಾಡಿದ್ದು, ಇಂದು ಒಂದು ಫೋಲ್ಡರ್ ತಪ್ಪಾಗಿ ವರ್ಜನೆಯ ಪಟ್ಟಿಗೆ ಸೇರಿತೆನ್ನೋಣ. ಒಂದು ವರ್ಷದವರೆಗೆ ಹಳೆಯ ಚಿತ್ರಣಗಳಲ್ಲಿ ಅದು ದೊರೆಯುತ್ತದೆ. ಬಳಿಕ ಬ್ಯಾಕಪ್‌ನಲ್ಲಿ ಅದರ ಕುರುಹೂ ಇರುವುದಿಲ್ಲ. ಆರ್‌ಸಿಂಕ್‌ನಲ್ಲಿ ಮೂಲದಲ್ಲಿಲ್ಲದುದನ್ನು ಪ್ರತಿಯಿಂದ ಅಳಿಸುವ ಆಯ್ಕೆಯಿದೆ. ಹೊರಗಿಟ್ಟ ಕಡತಗಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊರಗಿಟ್ಟುವನ್ನೂ ಅಳಿಸುವ ಇನ್ನೊಂದು ಆಯ್ಕೆಯನ್ನು ಕೊಟ್ಟರೆ ಆ ರಕ್ಷಣೆ ತಪ್ಪುತ್ತದೆ.

ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರ್‌ನಲ್ಲಿ ನಡೆದ ಘಟನೆ ಈ ಸಂದರ್ಭದಲ್ಲಿ ಸ್ಮರಣೀಯ. ಅಲ್ಲಿನ ಮಹಾಗಣಕದ ಬ್ಯಾಕಪ್ ವ್ಯವಸ್ಥೆಯಲ್ಲಿ ಹತ್ತು ದಿನಗಳಿಗಿಂತ ಹಳೆಯದಾದ ದಿನಚರಿ ಕಡತಗಳನ್ನು ಅಳಿಸುವ ಆದೇಶವೊಂದಿತ್ತು. ಆ ಆದೇಶಗಳ ಕಡತವು ಓಡುತ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನು ಅದೇ ಸ್ಥಾನದಲ್ಲಿ ಇರಿಸಿದ್ದರಿಂದ, ಅಳಿಸಬೇಕಾದ ಸ್ಥಾನದ ಹೆಸರು ಖಾಲಿಯಾಗಿ, ಆದೇಶವು ಸಂಶೋಧಕರ ಕಡತಗಳ ಮೇಲೆಯೇ ನಡೆಯಿತು. ಸುಮಾರು 77 ಟೆರಾಬೈಟ್, ಎಂದರೆ ಸುಮಾರು 3 ಕೋಟಿ 40 ಲಕ್ಷ ಕಡತಗಳು ಅಳಿದುವು. ತೊಂದರೆಗೊಳಗಾದ 14 ಸಂಶೋಧನ ತಂಡಗಳಲ್ಲಿ 4 ತಂಡಗಳ ಸಾಮಗ್ರಿಯನ್ನು ಬ್ಯಾಕಪ್‌ನಿಂದಲೂ ಮರಳಿ ಪಡೆಯಲಾಗಲಿಲ್ಲ. ಯಾವ ಕಡತ ಎಂಬುದನ್ನು ನಿರ್ಧರಿಸುವ ಒಂದು ಸಾಲಿನಲ್ಲಿ ಎಷ್ಟು ಹೊಣೆ ಅಡಗಿದೆಯೆಂಬುದಕ್ಕೆ ಇದು ನಿದರ್ಶನ.

7. ಪರೀಕ್ಷೆ ಮತ್ತು ದಾಖಲೆ

ನಿಯಮ ಸರಿಯಾಗಿದೆಯೇ ಎಂಬುದನ್ನು ನಿಯಮವನ್ನು ಓದಿ ತಿಳಿಯಲಾಗದು. ಅದರ ಫಲವನ್ನು ನೋಡಿಯೇ ತಿಳಿಯಬೇಕು. ಆರ್‌ಸಿಂಕ್‌ನಲ್ಲಿಯೂ ರೆಸ್ಟಿಕ್‌ನಲ್ಲಿಯೂ 'ಡ್ರೈ ರನ್' ಎಂಬ ಆಯ್ಕೆಯಿದೆ. ಇದು ಏನನ್ನೂ ಪ್ರತಿ ಮಾಡದೆ, ಪ್ರತಿ ಮಾಡಬಹುದಾದ ಕಡತಗಳ ಪಟ್ಟಿಯನ್ನಷ್ಟೇ ಕೊಡುವಂತೆ ಮಾಡಬಹುದು. ಈ ಪಟ್ಟಿಯನ್ನು ಮೂಲದ ಕಡತಗಳ ಪೂರ್ಣ ಪಟ್ಟಿಯೊಡನೆ ಹೋಲಿಸಿದರೆ ಬಿಟ್ಟುಹೋದುವು ಹೊರಬರುತ್ತವೆ. ಗ್ರಂಥಸಂಪಾದಕರಿಗೆ ಈ ಕೆಲಸ ಹೊಸದಲ್ಲ; ಪ್ರತಿಯನ್ನು ಮೂಲದೊಡನೆ ತಾಳೆ ನೋಡಿ ಗ್ರಂಥಪಾತಗಳನ್ನು ಗುರುತಿಸುವುದು ಇದೇ. ಎರಡನೆಯದಾಗಿ, ವರ್ಷಕ್ಕೆ ಒಮ್ಮೆಯಾದರೂ ಬ್ಯಾಕಪ್‌ನಿಂದ ಕೆಲವು ಕಡತಗಳನ್ನು ಇನ್ನೊಂದು ಗಣಕಕ್ಕೆ ಮರಳಿ ತಂದು ತೆರೆದು ನೋಡಬೇಕು. ಆ ಗಣಕದಲ್ಲಿ ಹಳೆಯ ಫಾಂಟುಗಳು ಇಲ್ಲದಿದ್ದರೆ ಒಳ್ಳೆಯದು. ಫಾಂಟ್ ಬಿಟ್ಟುಹೋಗಿದೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಒಂದು ಹಳೆಯ ಬರಹ, ಒಂದು ಧ್ವನಿಮುದ್ರಣ, ಅದರ ಟಿಪ್ಪಣಿಯ ಕಡತ, ಗ್ರಂಥಸೂಚಿ, ಕನ್ನಡ ಹೆಸರಿನ ಒಂದು ಒಳಫೋಲ್ಡರ್, ಇಷ್ಟನ್ನು ಆರಿಸಿಕೊಂಡರೆ ಇಲ್ಲಿ ಚರ್ಚಿಸಿದ ಮುಖ್ಯ ದೋಷಗಳು ಬಯಲಾಗುತ್ತವೆ.

ಮೂರನೆಯದಾಗಿ, ಏನನ್ನು ಬಿಡಲಾಗಿದೆ, ಯಾವ ಕಾರಣಕ್ಕೆ, ಅದನ್ನು ಯಾವ ಮೂಲದಿಂದ ಮತ್ತೆ ಪಡೆಯಬಹುದು ಎಂಬುದನ್ನು ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು, ದಿನಾಂಕ ಸಹಿತ ಬ್ಯಾಕಪ್‌ನೊಳಗೇ ಇರಿಸಬೇಕು. ನಮ್ಮ ಹಸ್ತಪ್ರತಿಗಳ ಲಿಪಿಕಾರರಲ್ಲಿ ಅನೇಕರು ಕೊನೆಯಲ್ಲಿ ತಮ್ಮ ಹೆಸರನ್ನೂ ಪ್ರತಿ ಮಾಡಿದ ದಿನವನ್ನೂ ಬರೆದಿರುವುದರಿಂದಲೇ ಆ ಪ್ರತಿಗಳ ಕಾಲವನ್ನು ನಾವು ನಿರ್ಧರಿಸುತ್ತಿದ್ದೇವೆ. ಪ್ರತಿಯಲ್ಲಿ ಇಲ್ಲದ ಭಾಗವು ಮೂಲದಲ್ಲಿಯೇ ಇರಲಿಲ್ಲವೋ ಲಿಪಿಕಾರರು ಬಿಟ್ಟರೋ ಎಂದು ತಿಳಿಯದೆ ಸಂಪಾದಕರು ಪಡುವ ಪಾಡು ವಾಚಕರಿಗೆ ತಿಳಿದದ್ದೇ. ನಮ್ಮ ಕಡತಗಳನ್ನು ಮುಂದೆ ತೆರೆಯುವ ವಿದ್ಯಾರ್ಥಿಗೆ ಅದೇ ಸಂಶಯವನ್ನು ಉಳಿಸಿಹೋಗಬಾರದು.

ಮೇಲಿನ ಚರ್ಚೆಯಿಂದ ತಿಳಿದುಬರುವುದಿಷ್ಟು. ಬ್ಯಾಕಪ್‌ನ ವರ್ಜನೆಯ ಪಟ್ಟಿ ಗಣಕ ವಿಭಾಗಕ್ಕೆ ಬಿಟ್ಟುಕೊಡಬಹುದಾದ ತಾಂತ್ರಿಕ ವಿವರವಲ್ಲ. ಯಾವುದು ಆಕರ, ಯಾವುದು ಅದರ ನಕಲು ಎಂಬ ವಿವೇಚನೆ ಅದರಲ್ಲಿದೆ. ಆ ವಿವೇಚನೆಯನ್ನು ಮಾಡಬಲ್ಲವರು ಸಾಮಗ್ರಿಯನ್ನು ಸಂಗ್ರಹಿಸಿದ ಸಂಶೋಧಕರು ಮಾತ್ರ. ತಂತ್ರಾಂಶವು ಯಾವುದೇ ಇರಲಿ, ಅದರ ವರ್ಜನೆಯ ಪಟ್ಟಿಯನ್ನು ಒಮ್ಮೆ ತೆರೆದು ಸಾಲು ಸಾಲಾಗಿ ಓದುವುದರಿಂದ ಈ ಕೆಲಸ ಆರಂಭವಾಗಬೇಕು.